ಹಿತ್ತಲಿಗೆ ನರಿ ಬಂದರೆ: ಲಂಡನ್ನಿಗೆ ಹೊಸದಾಗಿ ಬಂದವರಿಗೆ

ಜನವರಿಯ ನಡುರಾತ್ರಿ ಹಿತ್ತಲಿನಿಂದ ಯಾರದೋ ಕುತ್ತಿಗೆ ಹಿಸುಕಿದಂಥ ಕಿರುಚಾಟ ಕೇಳಿಸಿದರೆ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಬೇಡಿ. ಅದು ನರಿ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಅವುಗಳಿಗೆ ಬೆದೆಯ ಕಾಲ. ಕಿಟಕಿ ಮುಚ್ಚಿ ಮಲಗಿ.

ನಾನು ನರ್ಸ್ ಆಗಿದ್ದು ನಿವೃತ್ತಳಾದವಳು. ಮನೆ ಕ್ರಾಯ್ಡನ್ ಕಡೆ. ಚಳಿಗಾಲ ಬಂತೆಂದರೆ ಹೊಸದಾಗಿ ಬಂದ ಯಾವುದಾದರೂ ಕನ್ನಡದ ಮನೆಯಿಂದ ಈ ಕೂಗಿನ ಬಗ್ಗೆ ಫೋನ್ ಬರುತ್ತದೆ. ಅಳಿಯ ಕೊಲೆ ನಡೆದಿದೆ ಎನ್ನುತ್ತಾನೆ, ಊರಿನಿಂದ ಬಂದ ಅತ್ತೆ ದೆವ್ವ ಎನ್ನುತ್ತಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವ ಬದಲು ಒಟ್ಟಿಗೇ ಬರೆದಿಡುತ್ತಿದ್ದೇನೆ.

ಮೊದಲು ಹೆದರಿಕೆ ಬಿಡಿ

ಇಲ್ಲಿಯ ನರಿ ಐದರಿಂದ ಏಳು ಕಿಲೋ ತೂಗುತ್ತದೆ. ಚಳಿಗಾಲದ ತುಪ್ಪಳದಿಂದಾಗಿ ದೊಡ್ಡದಾಗಿ ಕಾಣುತ್ತದೆ, ಅಷ್ಟೆ. 1930ರ ದಶಕದಲ್ಲಿ ಲಂಡನ್ನಿನ ಸುತ್ತ ಉದ್ದನೆಯ ಹಿತ್ತಲುಗಳಿದ್ದ ಜೋಡಿಮನೆಗಳ ಬಡಾವಣೆಗಳು ಹಬ್ಬಿದಾಗ ಅವು ಊರೊಳಗೆ ನೆಲೆಯೂರಿದವು. ಅಂದರೆ ಈ ಬೀದಿಗಳಿಗೆ ಅವು ನಮಗಿಂತ ಹಿಂದಿನ ವಲಸಿಗರು. 2011ರಲ್ಲಿ, ಇನ್ನೂ ಕಟ್ಟುತ್ತಿದ್ದ ಶಾರ್ಡ್ ಗೋಪುರದ 72ನೆಯ ಅಂತಸ್ತಿನಲ್ಲಿ ಒಂದು ನರಿ ಸಿಕ್ಕಿತು. ಕೆಲಸಗಾರರು ಬಿಟ್ಟುಹೋದ ಊಟ ತಿಂದುಕೊಂಡು ಅಲ್ಲೇ ಬಿಡಾರ ಹೂಡಿತ್ತು. ರೋಮಿಯೋ ಎಂದು ಹೆಸರಿಟ್ಟು, ಆರೋಗ್ಯ ತಪಾಸಣೆ ಮಾಡಿಸಿ, ಮತ್ತೆ ಬೀದಿಗೇ ಬಿಟ್ಟರು.

ಹಿರಿಯರು ಮೊದಲು ಕೇಳುವುದು ರೇಬಿಸ್ ಬಗ್ಗೆ. ಬ್ರಿಟನ್ನಿನ ನರಿಗಳಲ್ಲಿ ಅದು ಇಲ್ಲ. ಬಾವಲಿಗಳ ಮಾತು ಬೇರೆ. ಆದರೂ ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಆರೋಗ್ಯ ಸಹಾಯವಾಣಿ 111ಕ್ಕೆ ಕರೆ ಮಾಡಿ, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಕೇಳಿ. 2010ರಲ್ಲಿ ಪೂರ್ವ ಲಂಡನ್ನಿನ ಮನೆಯೊಂದರಲ್ಲಿ ಮಲಗಿದ್ದ ಅವಳಿ ಕೂಸುಗಳನ್ನು ನರಿ ಕಚ್ಚಿದ್ದು ದೊಡ್ಡ ಸುದ್ದಿಯಾಯಿತು. ಅಂಥದ್ದು ತೀರಾ ಅಪರೂಪ. ಆದರೆ ಸೆಕೆಯೆಂದು ಹಿತ್ತಲ ಬಾಗಿಲು ತೆರೆದಿಟ್ಟು ಮಗುವನ್ನು ಒಂಟಿಯಾಗಿ ಮಲಗಿಸುವುದು ಬೇಡ. ಹಿಕ್ಕೆ ಕಂಡರೆ ಕೈಗವಸು ಹಾಕಿ ತೆಗೆಯಿರಿ, ಅದರಲ್ಲಿ ಜಂತುಹುಳುವಿನ ಮೊಟ್ಟೆಗಳಿರಬಹುದು. ಬೆಳೆದ ಬೆಕ್ಕಿನ ತಂಟೆಗೆ ನರಿ ಸಾಮಾನ್ಯವಾಗಿ ಹೋಗುವುದಿಲ್ಲ. ಮೊಲ, ಗಿನಿಯಿಲಿ, ಕೋಳಿಗಳನ್ನು ಬಿಡುವುದಿಲ್ಲ. ಕೋಳಿ ಸಾಕುವವರು ತೆಳು ಬಲೆಯನ್ನು ನಂಬಬೇಡಿ. ಬೆಸುಗೆ ಹಾಕಿದ ಗಟ್ಟಿ ಜಾಲರಿಯೇ ಬೇಕು, ಅದರ ಅಂಚು ನೆಲದೊಳಕ್ಕೂ ಇಳಿದಿರಬೇಕು.

ಚಪ್ಪಲಿ, ಬಿನ್, ಕಾಗೆಯ ಎಡೆ

ನಮ್ಮವರ ಮನೆಗಳಿಗೆ ನರಿ ಬರುವುದಕ್ಕೆ ನಮ್ಮವೇ ಆದ ಕಾರಣಗಳಿವೆ. ಇಲ್ಲಿಯ ಕೌನ್ಸಿಲ್ಲಿನ ಕರಪತ್ರದಲ್ಲಿ ಅವು ಸಿಗುವುದಿಲ್ಲ.

ಚಪ್ಪಲಿಯನ್ನು ಹೊರಗೆ ಬಿಡಬೇಡಿ. ನರಿಗಳಿಗೆ, ಅದರಲ್ಲೂ ಮರಿಗಳಿಗೆ, ಚರ್ಮ ರಬ್ಬರು ಎಂದರೆ ಆಟದ ಸಾಮಾನು. ಜೊತೆಯಾಗಿ ಕದ್ದರೂ ಸಮಾಧಾನವಿತ್ತು. ಹೋಗುವುದು ಒಂದೇ ಕಾಲಿನದು. ಸತ್ಯನಾರಾಯಣ ಪೂಜೆಗೆ ನೆಂಟರು ಬಂದ ದಿನ ಬಾಗಿಲ ಹೊರಗೆ ಮೂವತ್ತು ಜೊತೆ ಸಾಲಾಗಿದ್ದರೆ ಹಬ್ಬ ನಿಮಗಲ್ಲ, ಅದಕ್ಕೆ.

ಅಡುಗೆಮನೆಯ ಕಸಕ್ಕೆ ಕೌನ್ಸಿಲ್ ಕೊಡುವ ಡಬ್ಬಿಯ ಹಿಡಿಯನ್ನು ಮುಂದಕ್ಕೆ ಎಳೆದರೆ ಮುಚ್ಚಳ ಬಿಗಿಯಾಗುತ್ತದೆ. ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇಲ್ಲ. ಕಸದ ಚೀಲವನ್ನು ಹಿಂದಿನ ರಾತ್ರಿಯೇ ಬೀದಿಗೆ ಇಡದೆ ಬೆಳಿಗ್ಗೆ ಇಡಿ. ಗುಲಾಬಿಗೆ, ಬೇಸಿಗೆಯಲ್ಲಿ ಹೊರಗಿಟ್ಟ ಕರಿಬೇವಿನ ಕುಂಡಕ್ಕೆ ಎಲುಬಿನ ಪುಡಿಯ ಗೊಬ್ಬರ ಹಾಕಿದರೆ, ಕೆಳಗೆ ಹೆಣ ಹೂತಿದೆಯೆಂದು ನರಿ ಬುಡ ಸಮೇತ ಅಗೆಯುತ್ತದೆ. ಸಸ್ಯಮೂಲದ ಗೊಬ್ಬರ ಬಳಸಿ.

ಪಿತೃಪಕ್ಷದಲ್ಲಿ ಕಾಗೆಗೆ ಎಡೆ ಇಡುವವರು ಹಗಲಿನಲ್ಲೇ ಇಟ್ಟು, ಅರ್ಧ ಗಂಟೆ ಅಲ್ಲೇ ನಿಂತು, ಉಳಿದದ್ದನ್ನು ಎಲೆ ಸಮೇತ ಒಳಗೆ ತನ್ನಿ. ರಾತ್ರಿಯವರೆಗೆ ಬಿಟ್ಟರೆ ವಡೆ ಯಾರ ಪಾಲಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಶೆಡ್ಡಿನ ಕೆಳಗೆ ಬಾಣಂತಿ

ಇದಕ್ಕೆ ತಾಳ್ಮೆ ಬೇಕು, ಕ್ಯಾಲೆಂಡರೂ ಬೇಕು. ಗರ್ಭ ನಿಂತ ಸುಮಾರು 52 ದಿನಕ್ಕೆ, ಹೆಚ್ಚಾಗಿ ಮಾರ್ಚ್ ತಿಂಗಳಲ್ಲಿ, ನಾಲ್ಕೈದು ಮರಿಗಳು ಹುಟ್ಟುತ್ತವೆ. ಹುಟ್ಟುವಾಗ ಕಣ್ಣು ಬಿಟ್ಟಿರುವುದಿಲ್ಲ, ಮೈ ಕಡುಕಂದು. ಏಪ್ರಿಲ್ ಕೊನೆಗೆ ಹೊರಗೆ ಇಣುಕುತ್ತವೆ. ಬೇಸಿಗೆ ಏರುತ್ತಿದ್ದಂತೆ ಬಿಲದ ಗೊಡವೆ ಬಿಡುತ್ತವೆ, ಶರತ್ಕಾಲಕ್ಕೆ ಚದುರಿಹೋಗುತ್ತವೆ. ಹಾಗಾಗಿ ಮಾರ್ಚ್‌ನಿಂದ ಜೂನ್‌ವರೆಗೆ ಏನನ್ನೂ ಮಾಡದೆ ಸುಮ್ಮನಿರುವುದೇ ಸರಿಯಾದ ಕೆಲಸ. ಒಳಗೆ ಪ್ರಾಣಿ ಇರುವಾಗ ಬಿಲ ಮುಚ್ಚುವುದು, ಹೊಗೆ ಹಾಕುವುದು, ವಿಷ ಇಡುವುದು ಎಲ್ಲವೂ ಕಾನೂನಿಗೆ ವಿರುದ್ಧ. ಬಾಡಿಗೆ ಮನೆಯಾಗಿದ್ದು ಮಾಲೀಕರು ಕೂಡಲೇ ಮುಚ್ಚಿಸುತ್ತೇನೆ ಎಂದು ಹೊರಟರೆ ಇದನ್ನು ಇಮೇಲ್‌ನಲ್ಲಿ ಬರೆದು ತಿಳಿಸಿ.

ಬೇಸಿಗೆಯ ಕೊನೆಯಲ್ಲಿ ಬಿಲದ ಬಾಯಿಗೆ ಹಳೆಯ ಪತ್ರಿಕೆಗಳನ್ನು ಸಡಿಲವಾಗಿ ತುರುಕಿ. ಕೆಲವು ದಿನ ಅದು ಕದಲದೆ ಇದ್ದರೆ ಒಳಗೆ ಯಾರೂ ಇಲ್ಲ. ಆಗ ಶೆಡ್ಡಿನ ಸುತ್ತ ಜಾಲರಿ ಬಡಿಸಿ, ಅಂಗೈ ಅಗಲದ ಸಂದನ್ನೂ ಉಳಿಸದೆ.

ಹಗಲಿನಲ್ಲಿ ಮರಿಯೊಂದು ಒಂಟಿಯಾಗಿ ಕಂಡರೆ ಎತ್ತಿಕೊಂಡು ಒಳಗೆ ತರಬೇಡಿ. ತಾಯಿ ದೂರ ಹೋಗಿರುವುದಿಲ್ಲ. ಕಣ್ಣು ಬಿಡದ ಮರಿ, ಗಾಯಗೊಂಡ ಮರಿಯಾದರೆ ಮಾತ್ರ ಫೋನ್ ಮಾಡಿ. ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ ಇದೆ; ನಮ್ಮ ಆಗ್ನೇಯ ಲಂಡನ್, ಕೆಂಟ್ ಕಡೆಗೆ ದಿ ಫಾಕ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆಯೂ ಇದೆ. ಬಾಲದ ಕೂದಲು ಉದುರಿ ಮೈಯೆಲ್ಲ ಹುರುಕಾಗಿರುವ ನರಿ ಕಂಡರೂ ಇವರಿಗೇ ಹೇಳಿ. ಅದು ಕಜ್ಜಿ, ಚರ್ಮದೊಳಗೆ ಕೊರೆಯುವ ಕ್ರಿಮಿಯಿಂದ ಬರುವುದು. 1990ರ ದಶಕದ ನಡುವೆ ಬ್ರಿಸ್ಟಲ್ ನಗರದಲ್ಲಿ ಇದು ಹಬ್ಬಿ 95 ಶೇಕಡಾಕ್ಕೂ ಹೆಚ್ಚು ನರಿಗಳು ಸತ್ತವು.

ಅನ್ನ ಹಾಕಬೇಕೆ?

ನನ್ನ ಎಡಗಡೆಯ ಮನೆಯ ಅಜ್ಜಿ ಸಂಜೆ ಆರಕ್ಕೆ ಸಾಸೇಜ್ ಹಿಡಿದು "ಚಾರ್ಲಿ" ಎಂದು ಕರೆಯುತ್ತಾರೆ. ಬಲಗಡೆಯ ಮನೆಯವರು ಯಾರನ್ನಾದರೂ ಕರೆಸಿ ಗುಂಡು ಹೊಡೆಸಬೇಕು ಎನ್ನುತ್ತಾರೆ. ನಡುವೆ ನಾನು.

ಅನ್ನ ಹಾಕುವುದು ಇಲ್ಲಿ ಅಪರಾಧವಲ್ಲ. ಆದರೂ ನನ್ನ ಸಲಹೆ: ಹಾಕಬೇಡಿ. ಹಸಿದವರು ಬಾಗಿಲಿಗೆ ಬಂದರೆ ಬರಿಗೈಯಲ್ಲಿ ಕಳಿಸಬಾರದು ಎಂದು ಕಲಿತು ಬಂದವರಿಗೆ ಇದು ಕಟುವಾಗಿ ಕೇಳಿಸುತ್ತದೆ, ಬಲ್ಲೆ. ಆದರೆ ನಗರದ ನರಿಗಳನ್ನು ಹೆಚ್ಚಾಗಿ ಕೊಲ್ಲುವುದು ಕಾರು, ಹಸಿವಲ್ಲ. ಎರೆಹುಳು, ಇಲಿ, ಪಾರಿವಾಳ, ಬಿದ್ದ ಹಣ್ಣು ತಿಂದು ಅದು ಬದುಕುತ್ತದೆ. ಅಜ್ಜಿಯ ಸಾಸೇಜು ಹೆಚ್ಚಾದದ್ದನ್ನು ನನ್ನ ಹುಲ್ಲುಹಾಸಿನಲ್ಲಿ ಹೂತಿಡುತ್ತದೆ. ಕೈಯಿಂದ ತಿಂದು ಅಭ್ಯಾಸವಾದ ನರಿ ಮುಂದೆ ಯಾರದೋ ಮಗುವಿನ ಕೈಯಲ್ಲಿರುವ ಬಿಸ್ಕತ್ತಿಗೆ ಬಾಯಿ ಹಾಕುತ್ತದೆ, ಆಮೇಲೆ ಬಲಗಡೆಯ ಮನೆಯವರ ಮಾತೇ ಬೀದಿಯಲ್ಲಿ ಗೆಲ್ಲುತ್ತದೆ. ನರಿಗೆ ಮನುಷ್ಯರ ಭಯ ಉಳಿಯುವಂತೆ ನೋಡಿಕೊಳ್ಳುವುದೇ ಈ ಊರಿನಲ್ಲಿ ಅದಕ್ಕೆ ತೋರಿಸಬಹುದಾದ ಕರುಣೆ ಎಂದು ನಾನು ತಿಳಿದಿದ್ದೇನೆ. ಎದುರಾದರೆ ಚಪ್ಪಾಳೆ ತಟ್ಟಿ ಓಡಿಸಿ. ಬೆಳಿಗ್ಗೆ ನರಿಯ ಮುಖ ನೋಡಿದರೆ ಅದೃಷ್ಟ ಎನ್ನುತ್ತಾರಲ್ಲ, ಅದಕ್ಕೆ ಕಿಟಕಿಯ ಗಾಜು ಅಡ್ಡಿಯಾಗುವುದಿಲ್ಲ.

ಗುಂಡು ಹೊಡೆಸುವವರ ಜೊತೆ ದಯೆಯ ಮಾತಾಡಿ ಪ್ರಯೋಜನವಿಲ್ಲ, ಖರ್ಚಿನ ಮಾತಾಡಿ. ಖಾಸಗಿಯವರು ಹಣ ಪಡೆದು ಬೋನಿನಲ್ಲಿ ಹಿಡಿದು ಕೊಲ್ಲುತ್ತಾರೆ, ಕಾನೂನು ಅದನ್ನು ತಡೆಯುವುದಿಲ್ಲ. ಆದರೆ ತೆರವಾದ ಜಾಗಕ್ಕೆ ಬೇಗನೆ ಇನ್ನೊಂದು ನರಿ ಬರುತ್ತದೆ. ಲಂಡನ್ನಿನ ಕೌನ್ಸಿಲ್‌ಗಳು ಹಿಂದೆ ಕೊಂದು ನೋಡಿ ಕೈಬಿಟ್ಟದ್ದೂ ಇದೇ ಕಾರಣಕ್ಕೆ. ಹಿಡಿದು ಹಳ್ಳಿಗೆ ಬಿಡುವುದಂತೂ ಬೇಡವೇ ಬೇಡ. ಗುರುತಿಲ್ಲದ ನೆಲದಲ್ಲಿ, ಬೇರೆ ನರಿಗಳ ಗಡಿಯೊಳಗೆ, ಅದು ಒದ್ದಾಡಿ ಸಾಯುತ್ತದೆ.

ಬೇಟೆಯ ಮಾತು ಬಂದಾಗ

ಕ್ರಿಸ್‌ಮಸ್ ಹತ್ತಿರವಾದಾಗ ಹಳ್ಳಿಯ ಕಡೆಯ ಸಹೋದ್ಯೋಗಿ ಯಾರಾದರೂ ಡಿಸೆಂಬರ್ 26ರ ಬೇಟೆಮೆರವಣಿಗೆ ನೋಡಲು ಕರೆಯಬಹುದು. ಹೋಗುವ ಮೊದಲು ಇಷ್ಟು ತಿಳಿದಿರಲಿ.

ಕುದುರೆ ಏರಿ, ನಾಯಿಗಳ ಹಿಂಡು ಬಿಟ್ಟು ನರಿ ಅಟ್ಟುವುದನ್ನು ಸ್ಕಾಟ್ಲೆಂಡ್ 2002ರಲ್ಲಿ ನಿಷೇಧಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರ ಕಾಯಿದೆ 2005ರ ಫೆಬ್ರವರಿ 18ರಂದು ಜಾರಿಗೆ ಬಂತು. ಉತ್ತರ ಐರ್ಲೆಂಡ್‌ಗೆ ಅದು ಅನ್ವಯಿಸುವುದಿಲ್ಲ. ಜಗಳ ಸಣ್ಣದಾಗಿರಲಿಲ್ಲ. 2002ರ ಸೆಪ್ಟೆಂಬರಿನಲ್ಲಿ ನಾಲ್ಕು ಲಕ್ಷ ಜನ ಲಂಡನ್ನಿನಲ್ಲಿ ಮೆರವಣಿಗೆ ನಡೆಸಿದರು, 2004ರಲ್ಲಿ ಪ್ರತಿಭಟನಕಾರರು ಸಂಸತ್ತಿನ ಸಭಾಂಗಣಕ್ಕೇ ನುಗ್ಗಿದರು. ಮೇಲ್ಮನೆ ಒಪ್ಪದಿದ್ದಾಗ ಕೆಳಮನೆ ತನ್ನ ವಿಶೇಷ ಅಧಿಕಾರ ಬಳಸಿ ಮಸೂದೆಯನ್ನು ದಾಟಿಸಿತು.

ಇಂಗ್ಲೆಂಡ್, ವೇಲ್ಸ್‌ನಲ್ಲಿ ಈಗ ನಡೆಯುವುದು ವಾಸನೆಯ ಜಾಡು ಹಿಡಿಯುವ ಬೇಟೆ. ವಾಸನೆ ಹಚ್ಚಿದ ಬಟ್ಟೆಯನ್ನು ಎಳೆದುಕೊಂಡು ಹೋಗುತ್ತಾರೆ, ನಾಯಿಗಳು ಬೆನ್ನಟ್ಟುತ್ತವೆ. ದಾರಿಯಲ್ಲಿ ನಿಜವಾದ ನರಿ ಸಿಕ್ಕಿ ಸತ್ತರೆ ಆಕಸ್ಮಿಕ ಎನ್ನುತ್ತಾರೆ. ಇದು ಕಣ್ಣಿಗೆ ಮಣ್ಣೆರಚುವ ಆಟ ಎಂಬುದು ವಿರೋಧಿಗಳ ವಾದ. ಹಳೆಯ ಮಹಲು, ಕಾಡು ಬಯಲುಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ 2021ರಲ್ಲಿ ತನ್ನ ಜಮೀನಿನಲ್ಲಿ ಇದಕ್ಕೆ ಪರವಾನಗಿ ಕೊಡುವುದನ್ನು ನಿಲ್ಲಿಸಿತು. 2024ರ ಚುನಾವಣೆಯಲ್ಲಿ ಲೇಬರ್ ಪಕ್ಷ ಇದನ್ನೂ ನಿಷೇಧಿಸುವ ಭರವಸೆ ಕೊಟ್ಟಿತು.

ಮರಿಕುರಿ ಕಳೆದುಕೊಂಡ ರೈತನ ಮಾತಿಗೆ ನಾನು ಕಿವಿಗೊಡುತ್ತೇನೆ. ಗುಂಡು ತಪ್ಪಿ ಗಾಯಗೊಂಡ ನರಿ ದಿನಗಟ್ಟಲೆ ನರಳುತ್ತದೆ, ನಾಯಿಯಾದರೆ ಕ್ಷಣದಲ್ಲಿ ಮುಗಿಸುತ್ತದೆ ಎಂಬ ಅವರ ವಾದವನ್ನೂ ತಳ್ಳಿಹಾಕುವುದಿಲ್ಲ. ಆದರೆ ಸರ್ಕಾರವೇ ನೇಮಿಸಿದ ಬರ್ನ್ಸ್ ಸಮಿತಿ 2000ರಲ್ಲಿ, ಈ ಬೇಟೆ ನರಿಯ ಕ್ಷೇಮಕ್ಕೆ ಗಂಭೀರ ಧಕ್ಕೆ ತರುತ್ತದೆ ಎಂದಿತು. ಕುರಿ ಉಳಿಸಿಕೊಳ್ಳಲು ಬೇಟೆಗಾರರ ಕೆಂಪು ಕೋಟು, ಕಹಳೆ ಏಕೆ ಬೇಕು ಎಂದು ಕೇಳಿದರೆ ಇದುವರೆಗೂ ನನಗೆ ಯಾರೂ ಉತ್ತರ ಕೊಟ್ಟಿಲ್ಲ. ಇದೇ ಆಟವನ್ನು ಇವರು ನಮ್ಮ ನೆರೆಯ ಊಟಿಯ ವೆನ್‌ಲಾಕ್ ಬಯಲಿನಲ್ಲೂ ಆಡಿದರು; ಇಲ್ಲಿಯ ಕೆಂಪು ನರಿ ಅಲ್ಲಿ ಸಿಗದ ಕಾರಣ ಅಲ್ಲಿಯ ನರಿಯನ್ನೇ (ಇಂಗ್ಲಿಷಿನ ಜಾಕಲ್) ಅಟ್ಟಿದರು. ಅಲ್ಲಿ ಯಾವ ಕುರಿ ಕಾಯುವುದಿತ್ತು?

ಹೋದರೆ ಮಕ್ಕಳನ್ನು ಕುದುರೆಗಳ ಹಿಂಬದಿಗೆ ಬಿಡಬೇಡಿ. ಪರ, ವಿರೋಧದ ಗುಂಪುಗಳು ಎದುರಾದರೆ ದೂರ ನಿಲ್ಲಿ. ಯಾರೂ ಜಾಡು ಎಳೆದದ್ದು ಕಾಣದೆ ನಾಯಿಗಳು ನರಿಯನ್ನು ಅಟ್ಟಿದ್ದರೆ, ಸಮಯ, ಜಾಗ ಬರೆದುಕೊಂಡು ಪೊಲೀಸರ ತುರ್ತಲ್ಲದ ಸಂಖ್ಯೆ 101ಕ್ಕೆ ತಿಳಿಸಿ. ಆ ಕ್ಷಣ ಕಣ್ಣೆದುರೇ ನಡೆಯುತ್ತಿದ್ದರೆ 999. ಕಾನೂನು ಬದಲಾಗಬೇಕು, ಅಥವಾ ಬದಲಾಗಬಾರದು ಎನಿಸಿದರೆ ನಿಮ್ಮ ಕ್ಷೇತ್ರದ ಸಂಸದರಿಗೆ ವಿಳಾಸ, ಪೋಸ್ಟ್‌ಕೋಡ್ ಸಹಿತ ಬರೆಯಿರಿ. ನಮ್ಮದು ಭಾರತದ ಪಾಸ್‌ಪೋರ್ಟ್, ನಮಗೇಕೆ ಎನ್ನಬೇಡಿ. ವೀಸಾ ಮೇಲೆ ಇಲ್ಲಿ ವಾಸವಿರುವ ಕಾಮನ್‌ವೆಲ್ತ್ ಪ್ರಜೆಗಳಿಗೂ ಸಂಸತ್ ಚುನಾವಣೆಯಲ್ಲಿ ಮತವಿದೆ. ಮತದಾರರ ಪಟ್ಟಿಗೆ ಹೆಸರು ಸೇರಿಸುವುದು ಮೊಬೈಲ್‌ನಲ್ಲೇ ಐದು ನಿಮಿಷದ ಕೆಲಸ.