ರದ್ದು ಗುಂಡಿಯನ್ನು ಒತ್ತದೆ ಹಣ ವಾಪಸ್ ಪಡೆದ ನನ್ನ ಅನುಭವ

ಮೈಸೂರಿನ ಅಗ್ರಹಾರದಲ್ಲಿ ನನ್ನದೊಂದು ಚಿಕ್ಕ ಹೊಲಿಗೆ ಅಂಗಡಿಯಿದೆ. ವರಮಹಾಲಕ್ಷ್ಮಿ ಹಬ್ಬದಿಂದ ಗೌರಿ ಹಬ್ಬದವರೆಗೆ ರವಿಕೆಗಳ ರಾಶಿ ಬೀಳುವ ಕಾಲವಾದ್ದರಿಂದ, 2025ರ ಜುಲೈ 28ರ ರಾತ್ರಿ, ಮತ್ತೆ ಮತ್ತೆ ದಾರ ಕಡಿಯುತ್ತಿದ್ದ, ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಹಳೆಯ ಓವರ್‌ಲಾಕ್ ಮಷಿನ್ನಿನ ಬದಲು ಮೋಟಾರ್ ಸಹಿತವಾದ ಹೊಸದೊಂದನ್ನು ಆನ್‌ಲೈನ್ ಮಾರಾಟ ತಾಣವೊಂದರಲ್ಲಿ ಆರ್ಡರ್ ಮಾಡಿದೆ. ಎಲ್ಲ ತೆರಿಗೆ ಸೇರಿ ಬೆಲೆ 11,800 ರೂಪಾಯಿ. ಯುಪಿಐ ಮೂಲಕ ಪೂರ್ತಿ ಹಣ ಕಟ್ಟಿದೆ. ಎರಡೇ ನಿಮಿಷಗಳಲ್ಲಿ ಆರ್ಡರ್ ದೃಢಪಟ್ಟಿದೆ ಎಂಬ ಇ-ಮೇಲ್ ಕೂಡ ಬಂತು.

ಜುಲೈ 31ರ ಬೆಳಿಗ್ಗೆ ಮಾರಾಟಗಾರರ ಕಡೆಯಿಂದ ಕರೆ ಬಂತು. “ಮೇಡಂ, ರೇಟ್ ಜಾಸ್ತಿ ಆಗಿದೆ, ಈಗ 13,450. ಇನ್ನೊಂದು 1,650 ಹಾಕಿಬಿಟ್ರೆ ಇವತ್ತೇ ಕಳಿಸ್ತೀವಿ. ಬೇಡ ಅಂದ್ರೆ ನೀವೇ ಆ್ಯಪ್‌ನಲ್ಲಿ ಕ್ಯಾನ್ಸಲ್ ಮಾಡಿಬಿಡಿ, ದುಡ್ಡು ವಾಪಸ್ ಬರುತ್ತೆ” ಎಂದರು.

ಹೆಚ್ಚುವರಿ ಹಣ ಕೇಳಿದ್ದಕ್ಕಿಂತ ಆ ಕೊನೆಯ ಮಾತೇ ನನ್ನನ್ನು ಎಚ್ಚರಿಸಿತು. ಅದಕ್ಕೆ ಕಾರಣವಿತ್ತು. ನನ್ನ ಬಳಿ ಹೊಲಿಗೆ ಕಲಿಯಲು ಬರುವ ಹುಡುಗಿಯೊಬ್ಬಳಿಗೆ ಎರಡು ತಿಂಗಳ ಹಿಂದೆ ಮೊಬೈಲ್ ಖರೀದಿಯಲ್ಲಿ ಇದೇ ಮಾತನ್ನು ಹೇಳಿದ್ದರು. ಅವಳು ನಂಬಿ ಗುಂಡಿ ಒತ್ತಿದಳು. ಆಮೇಲೆ ಅವಳ ಆರ್ಡರಿನ ವಿವರದಲ್ಲಿ ‘ಗ್ರಾಹಕರ ಕೋರಿಕೆಯ ಮೇರೆಗೆ ರದ್ದು’ ಎಂಬ ಒಂದೇ ಸಾಲು ಉಳಿಯಿತು. ಬೆಲೆ ಏರಿಸಿದ ಸಂಗತಿ ಎಲ್ಲಿಯೂ ದಾಖಲಾಗಲಿಲ್ಲ. ರದ್ದತಿ ಶುಲ್ಕ ಕಳೆದು ಉಳಿದ ಹಣ ಬಂದಾಗ ಅವಳು ದೂರು ಕೊಟ್ಟಳು. “ನೀವೇ ಬೇಡವೆಂದಿರಿ” ಎಂದು ಅವರು ಅದೇ ಸಾಲನ್ನು ಮುಂದಿಟ್ಟರು. ಮಾತು ಯಾರದಾಗಿದ್ದರೇನು, ಒತ್ತಿದ ಬೆರಳು ಅವಳದಾಗಿತ್ತು. ಅವಳ ಪರವಾಗಿ ಬರೆದುಕೊಡಲು ಕುಳಿತಾಗ ಕೈಯಲ್ಲಿ ಒಂದು ಕಾಗದದ ಚೂರೂ ಇಲ್ಲದ ಸಂಕಟವನ್ನು ನಾನು ಕಂಡಿದ್ದೆ.

ಆದ್ದರಿಂದ ಕರೆ ಮಾಡಿದವರಿಗೆ ನಾನು ಹೇಳಿದ್ದು ಇಷ್ಟೇ: “ನಾನು ರದ್ದು ಮಾಡುವುದಿಲ್ಲ, ಹೆಚ್ಚಿಗೆ ಹಣವನ್ನೂ ಕಟ್ಟುವುದಿಲ್ಲ. ನೀವು ಈಗ ಹೇಳಿದ್ದನ್ನು ಬರವಣಿಗೆಯಲ್ಲಿ ಕಳುಹಿಸಿ.” ಬರೆದು ಕಳುಹಿಸುವ ಪದ್ಧತಿ ತಮ್ಮಲ್ಲಿಲ್ಲ ಎಂದರು. ಕೈಗೆ ಸಿಕ್ಕಿದ್ದು ಅಳತೆ ಪುಸ್ತಕ. ಎಡಪುಟದಲ್ಲಿ ಯಾರದೋ ರವಿಕೆಯ ಅಳತೆ, ಎದೆ 36, ತೋಳು 10 ಎಂದಿತ್ತು. ಅದರ ಎದುರಿನ ಖಾಲಿ ಪುಟದಲ್ಲಿ ಕರೆ ಬಂದ ಹೊತ್ತು, ಕರೆ ಮಾಡಿದವರು ಹೇಳಿದ ಹೆಸರು, ಕರೆ ಬಂದ ಸಂಖ್ಯೆ, ಅವರು ಕೇಳಿದ ಮೊತ್ತ, ಇಷ್ಟನ್ನೂ ಮಾತು ಮುಗಿಯುವ ಮೊದಲೇ ಬರೆದುಕೊಂಡೆ. ಫೋನಿಟ್ಟ ಅರ್ಧ ಗಂಟೆಯೊಳಗೆ ಆ ಪುಟವನ್ನೇ ಇ-ಮೇಲ್ ಮಾಡಿದೆ: “ಇಂದು ಬೆಳಿಗ್ಗೆ ಇಂತಿಷ್ಟು ಹೊತ್ತಿಗೆ ನಿಮ್ಮ ಕಡೆಯವರು ಕರೆ ಮಾಡಿ, ದೃಢಪಟ್ಟ ಆರ್ಡರಿಗೆ ಇನ್ನೂ 1,650 ರೂಪಾಯಿ ಕೊಡಬೇಕೆಂದೂ ಇಲ್ಲವಾದರೆ ನಾನೇ ರದ್ದು ಮಾಡಬೇಕೆಂದೂ ತಿಳಿಸಿದರು. ಎರಡಕ್ಕೂ ನನ್ನ ಒಪ್ಪಿಗೆಯಿಲ್ಲ. ಇದರಲ್ಲಿ ತಪ್ಪಿದ್ದರೆ ತಿಳಿಸಿ.” ಅವರು ಬರೆಯದಿದ್ದರೆ ನಾವೇ ಬರೆಯಬೇಕು, ಅದನ್ನು ಅವರು ಅಲ್ಲಗಳೆಯದೆ ಸುಮ್ಮನಿದ್ದರೆ ಆ ಮೌನವೂ ಮುಂದೆ ನಮ್ಮ ನೆರವಿಗೆ ಬರುತ್ತದೆ.

ಅದೇ ಸಂಜೆ ಅಂಗಡಿಯ ಬಾಗಿಲು ಹಾಕಿಕೊಂಡು ಉಳಿದ ಪುರಾವೆಗಳನ್ನು ಕೂಡಿಹಾಕಿದೆ. ದೃಢೀಕರಣದ ಇ-ಮೇಲ್, ಆರ್ಡರಿನ ವಿವರವಿರುವ ಪುಟದ ಸ್ಕ್ರೀನ್‌ಶಾಟ್, ಬ್ಯಾಂಕ್ ಖಾತೆಯಿಂದ ಹಣ ಹೋದ ನಮೂದು, ಯುಪಿಐ ವ್ಯವಹಾರದ 12 ಅಂಕಿಗಳ ಸಂಖ್ಯೆ. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಮಷಿನ್ನಿನ ಪುಟದಲ್ಲಿ ಆ ಹೊತ್ತಿಗೆ ಕಾಣುತ್ತಿದ್ದ 13,450ರ ಬೆಲೆ. ದಿನಾಂಕ ಮತ್ತು ಸಮಯ ಕಾಣುವಂತೆ ಮೊಬೈಲಿನ ಮೇಲ್ಪಟ್ಟಿಯನ್ನೂ ಸೇರಿಸಿ ಚಿತ್ರ ತೆಗೆದೆ. ಆ ಪುಟ ನಾಳೆ ಹಾಗೆಯೇ ಇರುತ್ತದೆಂಬ ಖಾತ್ರಿ ಯಾರಿಗೂ ಇಲ್ಲ.

ಇನ್ನು ಕಾನೂನಿನ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರ ಜುಲೈನಲ್ಲಿ ಇ-ವಾಣಿಜ್ಯ ನಿಯಮಗಳು ಬಂದವು. ಆ ನಿಯಮಗಳ ಪ್ರಕಾರ ಪ್ರತಿಯೊಂದು ಮಾರಾಟ ತಾಣವೂ ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕ ವಿವರವನ್ನು ತಾಣದಲ್ಲಿ ಪ್ರಕಟಿಸಬೇಕು. ದೂರು ತಲುಪಿದ್ದನ್ನು ಅವರು 48 ಗಂಟೆಗಳೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕರು ರದ್ದು ಮಾಡಿದರೆ ಶುಲ್ಕ ಹಿಡಿಯುವ ಸಂಸ್ಥೆಯು, ತಾನೇ ಏಕಪಕ್ಷೀಯವಾಗಿ ರದ್ದು ಮಾಡಿದಾಗ ಅಂಥದೇ ಶುಲ್ಕವನ್ನು ತಾನೂ ಹೊರುವಂತಿರಬೇಕು; ಇಲ್ಲವಾದರೆ ಗ್ರಾಹಕರಿಂದ ಶುಲ್ಕ ವಸೂಲು ಮಾಡುವಂತಿಲ್ಲ ಎಂಬುದೂ ಅದೇ ನಿಯಮಗಳಲ್ಲಿದೆ. ಯಾರು ರದ್ದು ಮಾಡಿದರೆಂಬುದು ಏಕೆ ಅಷ್ಟು ಮುಖ್ಯವೆಂಬುದು ಇದನ್ನು ಓದಿದಾಗ ನನಗೆ ಇನ್ನಷ್ಟು ಸ್ಪಷ್ಟವಾಯಿತು. ಇದರ ಜೊತೆಗೆ, 2023ರ ನವೆಂಬರ್ 30ರಂದು ಹೊರಬಂದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಯು ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ‘ಡ್ರಿಪ್ ಪ್ರೈಸಿಂಗ್’ ಎಂಬುದರ ವಿವರಣೆಯಲ್ಲಿ, ಹಣ ಕಟ್ಟುವ ಹಂತದಲ್ಲಿ ತೋರಿಸಿದ ಮೊತ್ತಕ್ಕಿಂತ ಹೆಚ್ಚಿನದನ್ನು ಖರೀದಿ ದೃಢಪಟ್ಟ ಮೇಲೆ ವಸೂಲು ಮಾಡುವುದೂ ಸೇರಿದೆ. ನನ್ನ ಪ್ರಕರಣಕ್ಕೆ ಇದಕ್ಕಿಂತ ಹತ್ತಿರದ ಮಾತು ಬೇರೊಂದಿರಲಿಲ್ಲ.

ಆದರೂ ಕೇಳುವುದನ್ನು ಅಳತೆ ಮೀರದಂತೆ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಆ ತಾಣದ ಷರತ್ತುಗಳನ್ನು ಪೂರ್ತಿ ಓದಿದೆ. ಸರಕು ರವಾನೆಯಾದ ಮೇಲಷ್ಟೇ ಮಾರಾಟದ ಒಪ್ಪಂದ ಪೂರ್ಣವಾಗುತ್ತದೆ ಎಂದು ಅದರಲ್ಲಿ ಬರೆದಿದ್ದರು. ಇಂಥ ಷರತ್ತು ಹಲವು ತಾಣಗಳಲ್ಲಿ ಇರುತ್ತದೆ. ಹಾಗಾಗಿ ಹಳೆಯ ಬೆಲೆಗೇ ಮಷಿನ್ ಕೊಡಲೇಬೇಕೆಂಬ ವಾದ ಗೆಲ್ಲಬಹುದು, ಸೋಲಲೂಬಹುದು. 11,800 ಎಂದು ಹಾಕಬೇಕಾದಲ್ಲಿ ಕೈತಪ್ಪಿ 1,180 ಎಂದು ಹಾಕಿದ್ದರಂತೂ ನಾನು ಮಷಿನ್ನಿಗಾಗಿ ಹಟ ಹಿಡಿಯುತ್ತಿರಲಿಲ್ಲ. ಆದರೆ ಸರಕೂ ಕೊಡದೆ, ಹಣದಲ್ಲಿಯೂ ಕಡಿತ ಮಾಡುವುದಕ್ಕೆ ಯಾವ ಷರತ್ತಿನ ಆಸರೆಯೂ ಇಲ್ಲ. ತೆರಿಗೆಯ ಮಾತು ಮಾತ್ರ ಬೇರೆ: ಒಪ್ಪಂದವಾದ ಮೇಲೆ ಸರ್ಕಾರವೇ ತೆರಿಗೆ ಏರಿಸಿದರೆ, ಬೇರೆ ಕರಾರು ಇಲ್ಲದಿದ್ದಾಗ, ಆ ಹೆಚ್ಚಳವನ್ನು ಕೊಳ್ಳುವವರಿಂದ ಪಡೆಯಲು 1930ರ ಸರಕು ಮಾರಾಟ ಕಾಯ್ದೆಯ 64ಎ ಕಲಮು ಅವಕಾಶ ಕೊಡುತ್ತದೆ. ಎರಡನೆಯ ಬಾರಿ ಕರೆ ಮಾಡಿದವರು “ಟ್ಯಾಕ್ಸ್ ಜಾಸ್ತಿ ಆಗಿದೆ” ಎಂದು ಮಾತು ಬದಲಿಸಿದಾಗ, ಯಾವ ದಿನಾಂಕದ ಅಧಿಸೂಚನೆ ಎಂದು ಕೇಳಿದೆ. ಉತ್ತರ ಬರಲಿಲ್ಲ.

ಆಗಸ್ಟ್ 1ರಂದು ಕುಂದುಕೊರತೆ ಅಧಿಕಾರಿಗೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಪತ್ರ ಬರೆದೆ. ಕೋಪದ ಒಂದು ಪದವನ್ನೂ ಅದರಲ್ಲಿ ಬಳಸಲಿಲ್ಲ. ಓದುವವರು ಹುಡುಕದೆಯೇ ಸಿಗುವಂತೆ ಆರ್ಡರ್ ಸಂಖ್ಯೆ, ಮೊತ್ತ ಮತ್ತು ದಿನಾಂಕಗಳನ್ನು ಮೊದಲ ಸಾಲಿನಲ್ಲಿಯೇ ಇಟ್ಟೆ. ಬೇಡಿಕೆಯ ಭಾಗ ಹೀಗಿತ್ತು: “ದೃಢಪಟ್ಟ 11,800 ರೂಪಾಯಿಗೇ ಸರಕನ್ನು ಕಳುಹಿಸಿಕೊಡಿ. ಅದು ಸಾಧ್ಯವಿಲ್ಲವಾದರೆ ನಿಮ್ಮ ಕಡೆಯಿಂದಲೇ ಆರ್ಡರನ್ನು ರದ್ದುಪಡಿಸಿ, ಬೆಲೆ ಏರಿಕೆಯೇ ಕಾರಣವೆಂದು ಲಿಖಿತವಾಗಿ ತಿಳಿಸಿ, ಯಾವ ಕಡಿತವೂ ಇಲ್ಲದೆ ಪೂರ್ತಿ ಹಣವನ್ನು ನಾನು ಪಾವತಿಸಿದ ಖಾತೆಗೇ ಮರಳಿಸಿ. ಕೂಪನ್ ಅಥವಾ ವ್ಯಾಲೆಟ್ ರೂಪದ ಮರುಪಾವತಿಗೆ ನನ್ನ ಒಪ್ಪಿಗೆಯಿಲ್ಲ.” ಕೊನೆಯ ವಾಕ್ಯವನ್ನು ಬೇಕೆಂದೇ ಸೇರಿಸಿದೆ. ಕೂಪನ್ ಒಪ್ಪಿಕೊಂಡರೆ ಅದೇ ಮಷಿನ್ನನ್ನು ಅದೇ ತಾಣದಲ್ಲಿ ಏರಿದ ಬೆಲೆಗೆ ಕೊಳ್ಳುವುದೊಂದೇ ನನಗೆ ಉಳಿಯುವ ದಾರಿಯಾಗುತ್ತಿತ್ತು.

ಆ ನಡುವೆ ಬ್ಯಾಂಕಿಗೂ ಹೋಗಿ ಬಂದೆ. ಮರುಪಾವತಿ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗುತ್ತದೆಂದು ಯಾರೋ ಹೇಳಿದ್ದರು. ಅದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಮಾತು ನಿಜ. ಆದರೆ ಅದು ಅನ್ವಯಿಸುವುದು ವಿಫಲವಾದ ವ್ಯವಹಾರಗಳಿಗೆ, ಅಂದರೆ ನಮ್ಮ ಖಾತೆಯಿಂದ ಹಣ ಹೋಗಿ ಎದುರಿನವರಿಗೆ ತಲುಪದೆ ಉಳಿದಾಗ. ನನ್ನ ಹಣ ಮಾರಾಟಗಾರರಿಗೆ ಸರಿಯಾಗಿಯೇ ತಲುಪಿತ್ತು. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದವರು ಕಾರ್ಡ್ ಕೊಟ್ಟ ಬ್ಯಾಂಕಿಗೆ ಕೂಡಲೇ ಬರೆದು, ಕಟ್ಟಿದ ಹಣವನ್ನು ಬ್ಯಾಂಕಿನ ಮೂಲಕವೇ ಹಿಂದಕ್ಕೆ ಪಡೆಯುವ ಚಾರ್ಜ್‌ಬ್ಯಾಕ್ ಕೇಳಬಹುದು, ಅದಕ್ಕೆ ಗಡುವು ಇರುವುದರಿಂದ ತಡಮಾಡಬಾರದು ಎಂದು ಅಲ್ಲಿನ ಸಿಬ್ಬಂದಿ ತಿಳಿಸಿದರು.

ಪತ್ರ ತಲುಪಿದೆಯೆಂದು ಮರುದಿನವೇ ದೂರಿನ ಸಂಖ್ಯೆಯೊಂದಿಗೆ ಉತ್ತರ ಬಂತು. ಆಗಸ್ಟ್ 6ರಂದು ಆರ್ಡರಿನ ಪುಟದಲ್ಲಿ ‘ಮಾರಾಟಗಾರರಿಂದ ರದ್ದು’ ಎಂಬ ಸಾಲು ಕಾಣಿಸಿತು. ಆ ನಾಲ್ಕು ದಿನಗಳಲ್ಲಿ ಮೂರು ಬಾರಿ ಕರೆ ಬಂದು, ಮೂರು ಬಾರಿಯೂ “ನೀವೇ ಒತ್ತಿಬಿಡಿ ಮೇಡಂ, ಬೇಗ ಆಗುತ್ತೆ” ಎಂದಿದ್ದರು. ಆ ಸಾಲಿನ ಚಿತ್ರವನ್ನು ತೆಗೆದು, ನನಗೆ ನಾನೇ ಇ-ಮೇಲ್ ಮಾಡಿಟ್ಟುಕೊಂಡೆ.

ವರಮಹಾಲಕ್ಷ್ಮಿಯ ದಿನ, ಆಗಸ್ಟ್ 8ರಂದು, ಕಳಶದ ಮುಂದೆ ಕುಳಿತಿದ್ದಾಗ ಬ್ಯಾಂಕಿನ ಸಂದೇಶ ಬಂತು. 11,210 ರೂಪಾಯಿ ಜಮಾ ಆಗಿತ್ತು. 590 ರೂಪಾಯಿ, ಅಂದರೆ ನೂರಕ್ಕೆ ಐದರಂತೆ, ‘ರದ್ದತಿ ಶುಲ್ಕ’ವೆಂದು ಹಿಡಿದಿದ್ದರು, ದೂರನ್ನು ಪರಿಹರಿಸಲಾಗಿದೆ ಎಂದು ಮುಚ್ಚಿಯೂ ಇದ್ದರು. ಬಂದಷ್ಟು ಬಂತಲ್ಲ ಎಂದು ಮನೆಯವರು ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. 590 ರೂಪಾಯಿ ನನ್ನ ಮಟ್ಟಿಗೆ ಒಂದು ದಿನದ ದುಡಿಮೆ, ಮೇಲಾಗಿ ರದ್ದು ಮಾಡಿದವರು ಅವರೇ ಎಂದು ಅವರದೇ ಪುಟ ಹೇಳುತ್ತಿತ್ತು.

ಆಗಸ್ಟ್ 11ರ ಸೋಮವಾರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿದೆ. ಕನ್ನಡದಲ್ಲಿಯೇ ಮಾತನಾಡಲು ಅವಕಾಶವಿದೆ. ಆರ್ಡರ್ ಸಂಖ್ಯೆ, ಮೊತ್ತ, ಕಡಿತ, ರದ್ದು ಮಾಡಿದವರು ಯಾರು ಎಂಬ ನಾಲ್ಕು ಸಂಗತಿಗಳನ್ನು ಅಳತೆ ಪುಸ್ತಕ ನೋಡಿಕೊಂಡೇ ಹೇಳಿದ್ದರಿಂದ ಮಾತು ಬೇಗ ಮುಗಿಯಿತು. ದೂರಿನ ಗುರುತಾದ ಡಾಕೆಟ್ ಸಂಖ್ಯೆ ಕೊಟ್ಟರು. ಆ ಸಂಖ್ಯೆಯಡಿ ಸಹಾಯವಾಣಿಯ ಜಾಲತಾಣದಲ್ಲಿ ಪುರಾವೆಗಳನ್ನು ಸೇರಿಸಿದೆ. ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ. ಅದು ದೂರನ್ನು ಸಂಸ್ಥೆಯ ಮುಂದಿಟ್ಟು ವ್ಯಾಜ್ಯಕ್ಕೆ ಮೊದಲೇ ಇತ್ಯರ್ಥ ಮಾಡಿಸಲು ನೋಡುತ್ತದೆ.

ಹೀಗಾಗಿ ಅದನ್ನಷ್ಟೇ ನೆಚ್ಚದೆ, ಮೈಸೂರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಸಲ್ಲಿಸಬೇಕಾದ ದೂರನ್ನೂ ಬರೆದಿಟ್ಟುಕೊಂಡೆ. ಮಾರಾಟಗಾರರ ಊರು ಯಾವುದೇ ಇರಲಿ, ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ಎರಡು ವರ್ಷಗಳ ಕಾಲಾವಕಾಶವಿದೆ. 2025ರಿಂದ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಈ ಕರಡನ್ನು ಕುಂದುಕೊರತೆ ಅಧಿಕಾರಿಗೆ ಕಳುಹಿಸಿ, “ಆಗಸ್ಟ್ 31ರೊಳಗೆ 590 ರೂಪಾಯಿ ಬಾರದಿದ್ದರೆ ಇದನ್ನು ಸಲ್ಲಿಸುತ್ತೇನೆ” ಎಂದು ಒಂದು ಸಾಲು ಬರೆದೆ. ಸಲ್ಲಿಸುವ ಮನಸ್ಸು ನಿಜವಾಗಿಯೂ ಇತ್ತು.

ಆಗಸ್ಟ್ 19ರಂದು ಬೇರೊಂದು ಅಪರಿಚಿತ ಸಂಖ್ಯೆಯಿಂದ ಕರೆ ಬಂತು. ಮರುಪಾವತಿಗಾಗಿ ಲಿಂಕ್ ಕಳುಹಿಸಿದ್ದೇವೆ, ತೆರೆದು ಪಿನ್ ಹಾಕಿ ಎಂದರು. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಹಾಕಿದರೆ ಹಣ ನಮ್ಮ ಖಾತೆಯಿಂದ ಹೋಗುತ್ತದೆ. ನಾನು ಲಿಂಕ್ ತೆರೆಯಲಿಲ್ಲ. ಆ ಕರೆ ಮಾರಾಟಗಾರರದೋ ವಂಚಕರದೋ ತಿಳಿಯದು. ಇಂಥ ಕರೆಯಲ್ಲಿ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಆಗಸ್ಟ್ 22ರ ಮಧ್ಯಾಹ್ನ 590 ರೂಪಾಯಿ ನನ್ನ ಖಾತೆಗೆ ಬಂತು. ಗೌರಿ ಹಬ್ಬಕ್ಕೆ ನಾಲ್ಕು ದಿನವಿತ್ತು. ಅಷ್ಟರಲ್ಲಿ ಶಿವರಾಂಪೇಟೆಯ ಅಂಗಡಿಯೊಂದರಲ್ಲಿ 12,300ಕ್ಕೆ ಮಷಿನ್ ತಂದು ಕೂರಿಸಿ ಕೆಲಸ ಆರಂಭಿಸಿದ್ದೆ. ಸಂಜೆ ಸಹಾಯವಾಣಿಯವರು ಕರೆ ಮಾಡಿ, ಹಣ ಬಂದಿದೆಯೇ, ದೂರನ್ನು ಮುಚ್ಚಬಹುದೇ ಎಂದು ಕೇಳಿದರು. ಅವರನ್ನು ಕಾಯಿಸಿ, ಮಾರಾಟಗಾರರು ಇ-ಮೇಲಿನಲ್ಲಿ ತಿಳಿಸಿದ್ದ ಮರುಪಾವತಿ ಸಂಖ್ಯೆಯನ್ನೂ ಪಾಸ್‌ಬುಕ್ಕಿನ ನಮೂದನ್ನೂ ಅಂಕಿಗೆ ಅಂಕಿ ತಾಳೆ ನೋಡಿ, 11,210 ಮತ್ತು 590 ಸೇರಿ 11,800 ಆಯಿತೆಂದು ಅಳತೆ ಪುಸ್ತಕದ ಆ ಪುಟದಲ್ಲಿ ಬರೆದುಕೊಂಡ ಮೇಲೆ, ಮುಚ್ಚಬಹುದು ಎಂದೆ.