ಹೆದ್ದಾರಿಯ ಇಐಎ (ಪರಿಸರ ಪರಿಣಾಮ ಮೌಲ್ಯಮಾಪನ) ವರದಿಗೆ ಆಕ್ಷೇಪಣೆ ಬರೆಯುವುದು ಹೇಗೆ

ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಟಣೆ ಪತ್ರಿಕೆಯಲ್ಲಿ ಬಂದ ಮೇಲೆ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಇರಬೇಕು. 2006ರ ಇಐಎ ಅಧಿಸೂಚನೆಯ ನಿಯಮವಿದು. ದಿನಾಂಕ ಕಾಣುವಂತೆ ಆ ಪುಟವನ್ನು ಎತ್ತಿಡಿ.

ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತಿ, ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಸ್ಥಳೀಯ ಪಂಚಾಯತಿಯಲ್ಲಿ ನೋಡಲು ಸಿಗಬೇಕು. ಸಾಮಾನ್ಯವಾಗಿ ಕನ್ನಡದಲ್ಲಿರುವುದು ಸಾರಾಂಶವಷ್ಟೇ. ಅದನ್ನೇ ನಂಬಿ ಸಭೆಗೆ ಹೋದರೆ ಬರಿಗೈಲಿ ಹೋದಂತೆ; ಸರಕೆಲ್ಲ ಇರುವುದು ಇಂಗ್ಲಿಷ್ ವರದಿಯ ಕೋಷ್ಟಕ, ನಕ್ಷೆಗಳಲ್ಲಿ. ಪಂಚಾಯತಿಯಲ್ಲಿ ವರದಿ ಬಂದೇ ಇಲ್ಲ ಎಂದರೆ ಅಲ್ಲೇ ಒಂದು ಅರ್ಜಿ ಬರೆದುಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಮುಂದೆ ಅದೇ ಸಾಕ್ಷಿ.

ಓದುವಾಗ ಚೈನೇಜ್ (ರಸ್ತೆಯುದ್ದಕ್ಕೂ ಹಾಕಿದ ದೂರದ ಗುರುತು) ಹಿಡಿದು ಓದಿ. 42+300 ಎಂದರೆ ಲೆಕ್ಕ ಶುರುವಾದ ಜಾಗದಿಂದ 42 ಕಿ.ಮೀ. 300 ಮೀಟರ್. ನಿಮ್ಮೂರು ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತು ಮಾಡಿಕೊಂಡು, ಆ ನಡುವೆ ಬರುವ ಹಳ್ಳ, ಕೆರೆ ಕೋಡಿ, ಬಾವಿ, ಶಾಲೆ, ದನ ದಾಟುವ ದಾರಿಗಳನ್ನು ಮೋರಿ ಮತ್ತು ಸೇತುವೆಗಳ ಪಟ್ಟಿಯೊಡನೆ ತಾಳೆ ನೋಡಿ. ಹೆಚ್ಚಿನ ತಪ್ಪು ಸಿಗುವುದು ಇಲ್ಲೇ. ಯೋಜನೆಗೆ ಮೊದಲಿನ ಪರಿಸರ ಸ್ಥಿತಿಯ ಮೂಲ ಮಾಹಿತಿಯನ್ನು ಮಳೆಗಾಲ ಬಿಟ್ಟು ಒಂದೇ ಋತುವಿನಲ್ಲಿ ಸಂಗ್ರಹಿಸಿದರೂ ನಡೆಯುತ್ತದೆ. ಹಾಗಾಗಿ ಮಾರ್ಚಿನಲ್ಲಿ ಒಣಗಿ ಬಿದ್ದ ಹಳ್ಳ ವರದಿಯಲ್ಲಿ ಬರೀ ತಗ್ಗು. ಜುಲೈನಲ್ಲಿ ಅದು ಎಲ್ಲಿಯವರೆಗೆ ಏರುತ್ತದೆಂದು ಗೊತ್ತಿರುವುದು ಊರವರಿಗೆ. ಗೋಡೆಯ ಮೇಲೆ ನೀರು ಬಿಟ್ಟ ಗೆರೆಗೆ ಅಳತೆ ಟೇಪು ಹಿಡಿದು ಫೋಟೊ ತೆಗೆಯಿರಿ.

ಗುಡ್ಡ ಅಗೆದ ಮಣ್ಣನ್ನು ಎಲ್ಲಿ ಸುರಿಯುತ್ತಾರೆ ಎಂಬುದನ್ನೂ ಹುಡುಕಿ. ಸರ್ವೆ ನಂಬರ್ ಕೊಡದೆ ‘ಗುರುತಿಸಿದ ಜಾಗದಲ್ಲಿ’ ಎಂದು ಬರೆದಿದ್ದರೆ ಅದೇ ಒಂದು ಆಕ್ಷೇಪಣೆ.

‘ಪರಿಸರ ಹಾಳಾಗುತ್ತದೆ’ ಎಂದು ಬರೆದರೆ ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಹೀಗೆ ಬರೆಯಿರಿ: ‘ಪುಟ 118, ಚೈನೇಜ್ 42+300: ಇಲ್ಲಿ 1.2 ಮೀಟರ್ ಪೈಪ್ ಮೋರಿ ತೋರಿಸಿದೆ. ಮಳೆಗಾಲದಲ್ಲಿ ಹಳ್ಳ 6 ಮೀಟರ್ ಅಗಲ ಹರಿಯುತ್ತದೆ, ಫೋಟೊ ಲಗತ್ತಿಸಿದೆ. ಮಳೆಗಾಲದ ಹರಿವು ಅಳೆದು, ಬಾಕ್ಸ್ ಮೋರಿ ಅಥವಾ ಕಿರುಸೇತುವೆಯ ವಿನ್ಯಾಸ ಕೊಡಿ.’ ಪುಟ, ಜಾಗ, ತಪ್ಪು, ಬೇಡಿಕೆ ನಾಲ್ಕೂ ಇದ್ದಾಗ ಜಾರಿಕೊಳ್ಳುವುದು ಕಷ್ಟ. ಒಂದು ವಿಷಯಕ್ಕೆ ಒಂದು ಹಾಳೆ ಸಾಕು. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿಕೊಳ್ಳಿ.

ಭೂಸ್ವಾಧೀನದ ತಕರಾರನ್ನು ಇದರಲ್ಲಿ ಬೆರೆಸಬೇಡಿ. ರಾಷ್ಟ್ರೀಯ ಹೆದ್ದಾರಿಗೆ ಜಮೀನು ಹೋಗುತ್ತಿದ್ದರೆ, 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಕಲಮಿನ ಭೂಸ್ವಾಧೀನ ಅಧಿಸೂಚನೆ ಪ್ರಕಟವಾಗಿ 21 ದಿನದೊಳಗೆ 3ಸಿ ಕಲಮಿನ ಅಡಿಯಲ್ಲಿ ಬೇರೆಯೇ ಆಕ್ಷೇಪಣೆ ಸಲ್ಲಿಸಬೇಕು. ಅಹವಾಲು ಸಭೆಯಲ್ಲಿ ಹೇಳಿದ್ದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಸಭೆಯ ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಇಲ್ಲವೇ ಅಪರ ಜಿಲ್ಲಾಧಿಕಾರಿ ದರ್ಜೆಗಿಂತ ಕಡಿಮೆಯಿಲ್ಲದ ಅವರ ಪ್ರತಿನಿಧಿಯದು. ಕೋರಂ (ಇಷ್ಟು ಜನ ಇರಲೇಬೇಕೆಂಬ ಲೆಕ್ಕ) ಎಂಬುದಿಲ್ಲ, ಬಹಿಷ್ಕರಿಸಿದರೂ ಸಭೆ ನಡೆದೇ ಹೋಗುತ್ತದೆ. ಮೈಕಿನಲ್ಲಿ ಹೆಸರು, ಊರು, ಚೈನೇಜ್ ಹೇಳಿ ಮಾತಾಡಿ, ಎಲ್ಲ ವಿಡಿಯೊ ಆಗುತ್ತಿರುತ್ತದೆ. ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಊಟದ ಹೊತ್ತಾಯಿತೆಂದು ಜನ ಎದ್ದು ಹೋಗುವುದು ಸರಿಯಾಗಿ ಆಗಲೇ! ಕೂತು ಕೇಳಿ, ನಿಮ್ಮ ಅಂಶ ಬಿಟ್ಟಿದ್ದರೆ ಅಲ್ಲೇ ಸೇರಿಸಲು ಹೇಳಿ.

ಅಂತಿಮ ವರದಿಯಲ್ಲಿ ಪ್ರತಿ ಆಕ್ಷೇಪಣೆಗೂ ಉತ್ತರ ಇರಬೇಕು. ಯೋಜನೆಗೆ ಪರಿಸರ ಅನುಮತಿ ಸಿಕ್ಕಿಬಿಟ್ಟರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ ಹೋಗಲು 30 ದಿನ. ತಕ್ಕ ಕಾರಣವಿದ್ದರೆ ಇನ್ನೂ 60 ದಿನದವರೆಗೆ ಅವಕಾಶ. ಆದ್ದರಿಂದ ಪರಿಸರ ಅನುಮತಿಯ ಅರ್ಜಿಗಳಿರುವ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಯೋಜನೆಯ ಪ್ರಸ್ತಾವನೆ ಸಂಖ್ಯೆ ಹಾಕಿ ವಾರಕ್ಕೊಮ್ಮೆಯಾದರೂ ನೋಡುತ್ತಿರಿ.