ಹಾಲಿನ ಸೊಸೈಟಿಯ ಖಾತೆಯಲ್ಲಿ ಕಾಣೆಯಾದ 1,250 ರೂಪಾಯಿ

ದಕ್ಷಿಣ ಕನ್ನಡದ ಹಳ್ಳಿಯೊಂದರ ಹಾಲು ಉತ್ಪಾದಕರ ಸಂಘಕ್ಕೆ ನಾನು ಜಾವಾ ಭಾಷೆಯಲ್ಲಿ ಬರೆದುಕೊಟ್ಟ ತಂತ್ರಾಂಶ ದೊಡ್ಡದೇನೂ ಅಲ್ಲ. ಹಾಲು ಅಳೆಯುವ ಕೌಂಟರಿನಲ್ಲಿ ಒಂದು ಕಂಪ್ಯೂಟರ್, ಪಶು ಆಹಾರ ಕೊಡುವ ಕೋಣೆಯಲ್ಲಿ ಇನ್ನೊಂದು, ಇವೆರಡೂ ಮಾತಾಡುವ ಮೈಎಸ್‌ಕ್ಯೂಎಲ್ ಡೇಟಾಬೇಸ್, ಅಂದರೆ ಲೆಕ್ಕವನ್ನೆಲ್ಲ ಕೂಡಿಡುವ ಉಗ್ರಾಣ, ಕಾರ್ಯದರ್ಶಿಯವರ ಮೇಜಿನ ಕೆಳಗಿನ ಯಂತ್ರದಲ್ಲಿ. ಪುಸ್ತಕದಲ್ಲಿ ಓದಿ ಗೊತ್ತಿದೆಯೆಂದುಕೊಂಡಿದ್ದ ಅನೇಕ ಸಂಗತಿಗಳು ನನಗೆ ನಿಜವಾಗಿ ಅರ್ಥವಾದದ್ದು ಅಲ್ಲಿ.

ಮೊದಲ ತೊಂದರೆ ಬೆಳಗಿನ ಜಾವದ್ದು. ದಿನವೂ ಆರು ಗಂಟೆಗೆ ಮೊದಲ ಸದಸ್ಯರ ಹಾಲನ್ನು ದಾಖಲಿಸುವಾಗ ದೋಷದ ಸಂದೇಶ ಬರುತ್ತಿತ್ತು. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದರೆ ಸಂಜೆಯವರೆಗೂ ಏನೂ ತಕರಾರಿಲ್ಲ. "ಮಾರಾಯ್ರೆ, ನಿಮ್ಮ ಕಂಪ್ಯೂಟರಿಗೆ ಬೆಳಿಗ್ಗೆ ಎಚ್ಚರವೇ ಆಗುವುದಿಲ್ಲವಲ್ಲ" ಎಂದು ಕಾರ್ಯದರ್ಶಿಯವರು ಫೋನಿನಲ್ಲಿ ಹೇಳಿದ ಮಾತು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಡೇಟಾಬೇಸಿಗೆ ಪ್ರತಿ ಸಲ ಹೊಸ ಸಂಪರ್ಕ ತೆರೆಯುವುದು ದುಬಾರಿಯೆಂದು ನಾನು ಒಂದೇ ಸಂಪರ್ಕವನ್ನು ತೆರೆದು ಅದನ್ನೇ ಇಟ್ಟುಕೊಂಡಿದ್ದೆ. ಸುಮ್ಮನೆ ಕುಳಿತ ಸಂಪರ್ಕವನ್ನು ಮೈಎಸ್‌ಕ್ಯೂಎಲ್ ತನ್ನ ಮೂಲ ಹೊಂದಾಣಿಕೆಯಂತೆ 28,800 ಸೆಕೆಂಡು, ಅಂದರೆ 8 ಗಂಟೆಗಳ ಬಳಿಕ ಕಡಿದುಹಾಕುತ್ತದೆ. ಸಂಜೆಯ ಹಾಲು ಏಳಕ್ಕೆ ಮುಗಿದರೆ ಬೆಳಗಿನದು ಶುರುವಾಗುವ ಹೊತ್ತಿಗೆ 11 ಗಂಟೆ ಕಳೆದಿರುತ್ತದೆ. ಆಚೆಯ ತುದಿ ಸತ್ತದ್ದು ಈಚೆಯ ತುದಿಗೆ ತಿಳಿದಿರುವುದಿಲ್ಲ. ಸಂಪರ್ಕಗಳನ್ನು ಒಟ್ಟಾಗಿ ಇಟ್ಟುಕೊಂಡು, ಕೊಡುವ ಮೊದಲು ಜೀವ ಇದೆಯೇ ಎಂದು ನೋಡುವ ಮತ್ತು ಹಳತಾದದ್ದನ್ನು ತಾನಾಗಿ ಬಿಡುವ ಕನೆಕ್ಷನ್ ಪೂಲ್ ಹಾಕಿದ ಮೇಲೆ ಆ ಫೋನ್ ನಿಂತಿತು.

ಎರಡನೆಯದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೆಸರಿನಿಂದ ಸದಸ್ಯರನ್ನು ಹುಡುಕುವ ಕಡೆ ನಾನು ಎಸ್‌ಕ್ಯೂಎಲ್ ವಾಕ್ಯವನ್ನು, ಅಂದರೆ ಡೇಟಾಬೇಸಿಗೆ ಕೊಡುವ ಆಜ್ಞೆಯನ್ನು, ತುಂಡು ತುಂಡು ಪಠ್ಯ ಜೋಡಿಸಿ ಕಟ್ಟಿದ್ದೆ. ಡಿ'ಸೋಜ, ಡಿ'ಕುನ್ಹ ಇರದ ಊರು ಈ ಜಿಲ್ಲೆಯಲ್ಲಿ ಎಷ್ಟಿವೆ? ಹೆಸರಿನ ನಡುವಿನ ಆ ಒಂದು ಚಿಹ್ನೆಯನ್ನು ಡೇಟಾಬೇಸ್ ಪಠ್ಯ ಮುಗಿದ ಗುರುತೆಂದು ಓದಿ, ಉಳಿದ "ಸೋಜ"ವನ್ನು ಆಜ್ಞೆಯೆಂದು ತಿಳಿದು ಮುಗ್ಗರಿಸುತ್ತಿತ್ತು. ಬೇಕೆಂದೇ ಕೇಡು ಬಗೆಯುವವನು ಆ ಜಾಗದಲ್ಲಿ ನಿಜವಾದ ಆಜ್ಞೆಯನ್ನೇ ತುರುಕಬಹುದಿತ್ತು. ವಾಕ್ಯದಲ್ಲಿ ಹೆಸರಿನಂಥ ಮಾಹಿತಿ ಬರುವ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಆ ಮಾಹಿತಿಯನ್ನು ಬೇರೆಯಾಗಿ ಕೊಡುವ ಪ್ರಿಪೇರ್ಡ್ ಸ್ಟೇಟ್‌ಮೆಂಟಿಗೆ ಎಲ್ಲವನ್ನೂ ಬದಲಾಯಿಸಲು ಒಂದು ಸಂಜೆ ಸಾಕಾಯಿತು.

ಹಣ ಕಾಣೆಯಾದದ್ದು ಇವೆರಡೂ ಸರಿಯಾದ ಮೇಲೆ. ಬಟವಾಡೆಯ ದಿನ ಸದಸ್ಯೆಯೊಬ್ಬರು ಚೀಟಿ ನೋಡಿ, "ನನ್ನ ಹಿಂಡಿ ಚೀಲದ ದುಡ್ಡು ಇದರಲ್ಲಿ ಹಿಡಿದಿಲ್ಲವಲ್ಲ" ಎಂದರು. ಅವರು ಸುಮ್ಮನಿದ್ದಿದ್ದರೆ ನಮಗೆ ಗೊತ್ತಾಗುವುದು ಎಷ್ಟು ತಿಂಗಳಿಗೋ.

ದಾಖಲೆಗಳ ಸಮಯ ನೋಡಿ ನಡೆದದ್ದನ್ನು ಹೀಗೆ ಜೋಡಿಸಿದೆ. ಅವರ ಖಾತೆಯಲ್ಲಿ 4,860 ರೂಪಾಯಿ ಇತ್ತು. ಹಾಲಿನ ಕೌಂಟರಿನಲ್ಲಿ ಸದಸ್ಯ ಸಂಖ್ಯೆ ಒತ್ತಿದ ಕೂಡಲೇ ನನ್ನ ಪ್ರೋಗ್ರಾಂ ಆ ಮೊತ್ತವನ್ನು ಓದಿ ಇಟ್ಟುಕೊಂಡಿತು. ಅದಾದ ಮೇಲೆ ಹಾಲು ತೂಗಿ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡುವುದು. ಅದೇ ಹೊತ್ತಿಗೆ ಅವರ ಮಗ ಆಚೆಯ ಕೋಣೆಯಲ್ಲಿ ಚೀಲ ಹೊರಿಸಿಕೊಳ್ಳುತ್ತಿದ್ದ. ಆ ಕಂಪ್ಯೂಟರೂ 4,860 ಎಂದೇ ಓದಿತು, 1,250 ಕಳೆಯಿತು, 3,610 ಎಂದು ಬರೆಯಿತು. ಈಚೆ ಹಾಲಿನ ಬೆಲೆ 312.40 ಎಂದಾಯಿತು, ತನ್ನ ಬಳಿ ಇದ್ದ ಹಳೆಯ 4,860ಕ್ಕೆ ಅದನ್ನು ಕೂಡಿಸಿ 5,172.40 ಎಂದು ಈ ಕಂಪ್ಯೂಟರ್ ಆ 3,610ರ ಮೇಲೆಯೇ ಬರೆಯಿತು. ಇರಬೇಕಾದದ್ದು 3,922.40. ಎರಡೂ ಕಡೆ "ಉಳಿಸಲಾಗಿದೆ" ಎಂದೇ ಬಂತು.

ಓದುವುದನ್ನೂ ಬರೆಯುವುದನ್ನೂ ಟ್ರಾನ್ಸಾಕ್ಷನ್ ಒಳಗಿಟ್ಟರೆ, ಅಂದರೆ ಪೂರ್ತಿ ಆಗಬೇಕು ಇಲ್ಲವೇ ಏನೂ ಆಗಬಾರದು ಎಂಬ ಒಂದೇ ಕಟ್ಟಾಗಿಸಿದರೆ, ಸಾಕೆಂದು ನಾನು ಮೊದಲು ಭಾವಿಸಿದೆ, ಅದು ತಪ್ಪು. ಮೈಎಸ್‌ಕ್ಯೂಎಲ್‌ನ ದತ್ತಾಂಶ ಸಂಗ್ರಹಿಸುವ ಭಾಗವಾದ ಇನ್ನೊಡಿಬಿ ತನ್ನ ಮೂಲ ಹೊಂದಾಣಿಕೆಯಲ್ಲಿ ಸಾದಾ ಸೆಲೆಕ್ಟಿಗೆ, ಅಂದರೆ ಬರೀ ಓದುವ ಆಜ್ಞೆಗೆ, ಬೀಗ ಹಾಕುವುದಿಲ್ಲ. ಎರಡು ಟ್ರಾನ್ಸಾಕ್ಷನ್‌ಗಳೂ ಹಳೆಯ ಮೊತ್ತವನ್ನು ನೆಮ್ಮದಿಯಿಂದ ಓದಿ, ಒಂದರ ಹಿಂದೆ ಒಂದು ಬರೆಯುತ್ತವೆ. ಆಮೇಲೆ "ಫಾರ್ ಅಪ್‌ಡೇಟ್" ಸೇರಿಸಿ, ಓದುವಾಗಲೇ ಆ ಸದಸ್ಯರ ಖಾತೆಯಿರುವ ಸಾಲಿಗೆ ಬೀಗ ಹಾಕಿದೆ. ಲೆಕ್ಕ ಸರಿಯಾಯಿತು, ಸಾಲು ನಿಂತವರ ತಾಳ್ಮೆ ಕೆಟ್ಟಿತು: ಈಚೆ ಹಾಲು ತೂಗಿ ಮುಗಿಯುವವರೆಗೆ ಆಚೆಯ ಪರದೆ ಕಲ್ಲಿನಂತೆ ಕೂರುತ್ತಿತ್ತು, 50 ಸೆಕೆಂಡು ಕಾದು ದೋಷ ತೋರಿಸುತ್ತಿತ್ತು. ಮನುಷ್ಯ ಕೈಯಾಡಿಸುವ ಕೆಲಸದ ಉದ್ದಕ್ಕೂ ಬೀಗ ಹಿಡಿದಿಟ್ಟದ್ದು ನನ್ನ ತಪ್ಪೇ ಹೊರತು ಬೀಗದ್ದಲ್ಲ.

ಕೊನೆಗೆ ಉಳಿದ ಉಪಾಯ ಬಹಳ ಸರಳವಾಗಿತ್ತು. ಮೊತ್ತವನ್ನು ಡೇಟಾಬೇಸಿನಿಂದ ಮೇಲಕ್ಕೆ ತಂದು, ಇಲ್ಲಿ ಕೂಡಿಸಿ, ಮತ್ತೆ ಕೆಳಗಿಳಿಸುವ ಕ್ರಮವನ್ನೇ ಬಿಟ್ಟೆ. ಅಪ್‌ಡೇಟ್ ವಾಕ್ಯದಲ್ಲೇ "ಬಾಕಿ = ಬಾಕಿ + 312.40" (ಬಾಕಿ ಎಂದರೆ ಖಾತೆಯಲ್ಲಿರುವ ಮೊತ್ತ) ಎಂದು ಹೇಳಿದರೆ, ಕೂಡಿಸುವ ಗಳಿಗೆಯಲ್ಲಿ ಆ ಸಾಲಿನಲ್ಲಿ ಇರುವ ಮೊತ್ತವನ್ನೇ ಡೇಟಾಬೇಸ್ ತೆಗೆದುಕೊಳ್ಳುತ್ತದೆ, ಎರಡನೆಯವರು ಬಂದರೆ ಮೊದಲನೆಯವರ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಕಾಯುತ್ತಾರೆ, ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಹಾಲಿನ ದಾಖಲೆಯ ಹೊಸ ಸಾಲು ಮತ್ತು ಬಾಕಿಯ ಬದಲಾವಣೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇರುವುದರಿಂದ, ನಡುವೆ ಕರೆಂಟು ಹೋದರೆ ಎರಡೂ ಇಲ್ಲ, ಇದ್ದರೆ ಎರಡೂ ಇರುತ್ತವೆ. ಮಳೆಗಾಲದಲ್ಲಿ ನಮ್ಮ ಕಡೆ ಇದು ಬರೀ ಪುಸ್ತಕದ ಮಾತಲ್ಲ.

ಬ್ಯಾಂಕ್ ಖಾತೆ ಸಂಖ್ಯೆ, ವಿಳಾಸದಂಥವುಗಳನ್ನು ಕೂಡಿಸಿ ಕಳೆಯಲು ಆಗುವುದಿಲ್ಲ. ಅಲ್ಲಿ ಪ್ರತಿ ಸಾಲಿಗೂ ಆವೃತ್ತಿ ಸಂಖ್ಯೆಯೊಂದನ್ನು ಇಟ್ಟೆ. ತಿದ್ದಲು ತೆರೆದಾಗ ಆವೃತ್ತಿ 7 ಇದ್ದರೆ, "ಆವೃತ್ತಿ ಈಗಲೂ 7 ಆಗಿದ್ದರೆ ಬದಲಿಸಿ 8 ಮಾಡು" ಎಂಬುದು ವಾಕ್ಯದ ಅರ್ಥ. ಬದಲಾದ ಸಾಲುಗಳ ಸಂಖ್ಯೆ 0 ಎಂದು ಬಂದರೆ ನಡುವೆ ಬೇರೆಯವರು ಕೈಹಾಕಿದ್ದಾರೆಂದು ತಿಳಿದು, ಹೊಸದನ್ನು ತೋರಿಸಿ ಮತ್ತೆ ಕೇಳುತ್ತೇನೆ.

ಬಟವಾಡೆ ಪಟ್ಟಿ ತಯಾರಾಗುವುದೂ ನಿಧಾನವಾಗಿತ್ತು, ಅದನ್ನು ಸರಿಪಡಿಸಲು ಇಷ್ಟು ಹೆಣಗಬೇಕಾಗಲಿಲ್ಲ. ಸದಸ್ಯರಿಗೊಂದರಂತೆ ಕಳುಹಿಸುತ್ತಿದ್ದ ನೂರಾರು ಪ್ರಶ್ನೆಗಳನ್ನು, ಕೋಷ್ಟಕಗಳನ್ನು ಜೋಡಿಸಿ ಎಲ್ಲವನ್ನೂ ಒಟ್ಟಿಗೆ ಕೇಳುವ ಒಂದೇ ಜಾಯಿನ್‌ಗೆ ಇಳಿಸಿ, ಸದಸ್ಯ ಸಂಖ್ಯೆ ಮತ್ತು ದಿನಾಂಕದ ಮೇಲೆ, ಬೇಗ ಹುಡುಕಲು ನೆರವಾಗುವ ಇಂಡೆಕ್ಸ್ ಕಟ್ಟಿದೆ. ಇಂಡೆಕ್ಸಿಗಾಗಿ ಪ್ರೋಗ್ರಾಮಿನ ಒಂದು ಅಕ್ಷರವನ್ನೂ ಮುಟ್ಟಲಿಲ್ಲ. ದತ್ತಾಂಶ ಯಂತ್ರದೊಳಗೆ ಹೇಗೆ ಜೋಡಣೆಯಾಗಿದೆಯೆಂಬುದು ಬಳಸುವವರಿಗೆ ತಿಳಿಯಬೇಕಾಗಿರಬಾರದು ಎಂದು ಇಂಥ ಕೋಷ್ಟಕ ರೂಪದ ಡೇಟಾಬೇಸಿನ ಕಲ್ಪನೆ ಕೊಟ್ಟ ಐಬಿಎಂನ ಎಡ್ಗರ್ ಕಾಡ್ 1970ರ ಪ್ರಬಂಧದ ಮೊದಲಲ್ಲೇ ಹೇಳಿದ್ದರ ಫಲ ನನಗೆ ಸಿಕ್ಕಿದ್ದು ಆ ಮಧ್ಯಾಹ್ನ.

ಕೆಟ್ಟುಹೋಗಿದ್ದ ಹಳೆಯ ಬಾಕಿಗಳನ್ನು ಹಾಲು ಮತ್ತು ಆಹಾರದ ಮೂಲ ದಾಖಲೆಗಳಿಂದ ಮತ್ತೆ ಕೂಡಿಸಿದೆವು. ಕಾರ್ಯದರ್ಶಿಯವರು ಆಹಾರದ ಬಿಲ್ ಪುಸ್ತಕ ಹಿಡಿದು ಒಂದೊಂದನ್ನೇ ತಾಳೆ ನೋಡಿದರು. ಅದೇ ಲೆಕ್ಕವನ್ನು ಈಗ ಪ್ರೋಗ್ರಾಂ ಪ್ರತಿ ರಾತ್ರಿ ಮಾಡಿ, ತಾಳೆಯಾಗದ ಖಾತೆಗಳ ಪಟ್ಟಿಯನ್ನು ಮುದ್ರಿಸುತ್ತದೆ. ಖಾಲಿ ಹಾಳೆಗೆ ಕಾಗದ ಯಾಕೆ ಹಾಳು ಎಂದು ಅವರು ಆಗಾಗ ಕೇಳುತ್ತಾರೆ. ನಾನು ಇನ್ನೂ ನಿಲ್ಲಿಸಿಲ್ಲ.